ಕಮಲ ಬಸದಿಗೆ ಬೆಳಿಗ್ಗೆ ಹೋಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಾವಿ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಕೋಟೆ ದೂರವೇನಲ್ಲ. ಬಾಗಿಲ ಹತ್ತಿರವೇ ದುರ್ಗಾದೇವಿ ಗುಡಿ. ದಾಟಿ ಒಳಗೆ ನಡೆದರೆ ಜೈನರ ಗುಡಿ, ಕಮಲ ಬಸದಿ. ಕೋಟೆ ಕೆರೆ ದಂಡೆಗೆ ಸಂಜೆ ಗಾಳಿಗೆ ಬರುವ ಎಷ್ಟೋ ಜನ ಈ ಬಸದಿಯ ಒಳಗೆ ಕಾಲಿಟ್ಟಿರುವುದಿಲ್ಲ. ಬಂದವರೂ ನಾಲ್ಕು ಫೋಟೊ ತೆಗೆದು ಹೊರಟುಬಿಡುತ್ತಾರೆ. ನನ್ನ ಮಾತು ಇಷ್ಟೇ: ಬೆಳಿಗ್ಗೆ ಪೂಜೆಯ ಹೊತ್ತಿಗೆ ಹೋಗಿ. ಪೂಜೆ ನಡೆಯುವಾಗಲೇ ಅಲ್ಲಿನ ಕೆತ್ತನೆ ಸರಿಯಾಗಿ ಕಾಣುವುದು.

ರಟ್ಟರ ಅರಸು ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರ ಸುಮಾರಿಗೆ ಇದನ್ನು ಕಟ್ಟಿಸಿದ. ಶಾಸನ ಇದನ್ನು ರಟ್ಟ ಜಿನಾಲಯ ಎಂದು ಕರೆಯುತ್ತದೆ. ನಮ್ಮ ಬೆಳಗಾವಿ ಆಗ ವೇಣುಗ್ರಾಮ. ಆ ಶಾಸನದ ಕಲ್ಲುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ನಮ್ಮೂರಿನ ಕಲ್ಲು ಅಷ್ಟು ದೂರ ಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಪುಣ್ಯಕ್ಕೆ ಗುಡಿ ಇಲ್ಲೇ ಉಳಿದಿದೆ.

ಮಂಟಪಕ್ಕೆ ಬಂದ ಕೂಡಲೇ ತಲೆ ಎತ್ತಿ. ಚಾವಣಿ ಸುತ್ತು ಸುತ್ತಾಗಿ ಕಿರಿದಾಗುತ್ತಾ ಮೇಲೇರುತ್ತದೆ. ನಟ್ಟನಡುವೆ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಇಳಿಬಿದ್ದಿದೆ. ಅಷ್ಟು ಭಾರದ ಕಲ್ಲಿನಲ್ಲಿ ಎಸಳಿನ ಅಂಚು ಅದೆಷ್ಟು ತೆಳುವಾಗಿ ಬಂದಿದೆ! ಎಸಳು ಎಪ್ಪತ್ತೆರಡು ಅಂತ ಬಸದಿಯವರು ಹೇಳುತ್ತಾರೆ. ಹಿಂದೆ ಆಗಿಹೋದ 24 ತೀರ್ಥಂಕರರು, ಈ ಕಾಲದ 24, ಮುಂದೆ ಬರಲಿರುವ 24. ಕೆಳಗೆ ತಿರುಗಣೆಗೆ ಹಾಕಿ ಉರುಟು ಮಾಡಿದಂಥ ಕಂಬಗಳು. ಆ ನುಣುಪಿನಲ್ಲಿ ದೀಪದ ಬೆಳಕು ಹೊಳೆಯುತ್ತದೆ. ಟ್ಯೂಬ್‌ಲೈಟಿಗಿಂತ ದೀಪಕ್ಕೇ ಈ ಕಲ್ಲು ಚೆನ್ನಾಗಿ ಒಲಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಗರ್ಭಗುಡಿಯಲ್ಲಿ ಕರಿಕಲ್ಲಿನ ನೇಮಿನಾಥ, ಇಪ್ಪತ್ತೆರಡನೆಯ ತೀರ್ಥಂಕರ. ಮದುವೆಗೆ ಹೊರಟ ರಾಜಕುಮಾರ ಇವನು. ದಾರಿಯಲ್ಲಿ ಪ್ರಾಣಿಗಳ ಗೋಳು ಕೇಳಿಸಿತು. ತನ್ನ ಮದುವೆಯ ಊಟಕ್ಕೆಂದೇ ಅವನ್ನು ಕೂಡಿ ಹಾಕಿದ್ದಾರೆ ಅಂತ ಗೊತ್ತಾಯಿತು. ರಥ ತಿರುಗಿಸಿದ, ಗಿರನಾರ ಬೆಟ್ಟದ ದಾರಿ ಹಿಡಿದ. ನಾನು ಹೋದಾಗ ಆ ಮೂರ್ತಿಯ ಮುಂದೆ ವಯಸ್ಸಾದ ಅಜ್ಜಿಯೊಬ್ಬರು ಮುಷ್ಟಿ ಅಕ್ಕಿಯನ್ನು ಬೆರಳ ಸಂದಿಯಿಂದ ಬಿಡುತ್ತಾ ಸಣ್ಣ ಸಣ್ಣ ಗುಪ್ಪೆ ಇಡುತ್ತಿದ್ದರು. ಬಾಯಲ್ಲಿ ಣಮೋಕಾರ ಮಂತ್ರ. ಗಂಧೋದಕವನ್ನು, ಅಂದರೆ ಅಭಿಷೇಕದ ನೀರನ್ನು, ಹಣೆಗೂ ಕಣ್ಣಿಗೂ ಹಚ್ಚಿಕೊಂಡು, ನನ್ನ ಕಡೆ ತಿರುಗಿ “ಬರ್ರಿ, ತಗೋರಿ” ಅಂದರು. ಎಂಟು ನೂರು ವರ್ಷದ ಹಿಂದಿನ ಶಿಲ್ಪಿ ಕೆತ್ತಿದ್ದು ಇಂಥವರಿಗಾಗಿಯೇ ಅಲ್ವಾ?

ಬೇಕಿದ್ದರೆ ಹತ್ತಿರದಲ್ಲೇ ಇರುವ ಚಿಕ್ಕಿ ಬಸದಿಯನ್ನೂ ನೋಡಿ ಬನ್ನಿ. ಅಲ್ಲೂ ಕೆತ್ತನೆಗೆ ಕೊರತೆಯಿಲ್ಲ, ಆದರೆ ಪೂಜೆ ನಿಂತುಹೋಗಿದೆ. ಎರಡನ್ನೂ ಒಂದೇ ಬೆಳಿಗ್ಗೆ ನೋಡಿದರೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ಹೋಗುವಾಗ ಚಪ್ಪಲಿಯ ಜೊತೆ ಚರ್ಮದ ಬೆಲ್ಟನ್ನೂ ಹೊರಗೇ ಬಿಡಿ. ಅಭಿಷೇಕ ನಡೆಯುವಾಗ ಕಂಬದ ಪಕ್ಕ ಸುಮ್ನೆ ಕುಳಿತುಕೊಳ್ಳಿ. ಮಕ್ಕಳನ್ನೂ ಕರೆದೊಯ್ಯಿರಿ. ರಟ್ಟರು ಅಂದರೆ ಯಾರು ಅಂತ ಕೇಳಿದರೆ, ಮೊದಲು ಸವದತ್ತಿಯಿಂದ, ಆಮೇಲೆ ನಮ್ಮ ಬೆಳಗಾವಿಯಿಂದ ಈ ಸೀಮೆ ಆಳಿದವರು ಅಂತ ಹೇಳಿ. ನಮಸ್ಕಾರ.