ಟೆಕ್ಸಾಸ್ ರ್‍ಯಾಂಚಲ್ಲಿ ನಮ್ಮ ಕೃಷ್ಣಮೃಗ, ಚುಕ್ಕೆ ಜಿಂಕೆ, ನೀಲ್‌ಗಾಯ್

ಬೇಲಿಯ ತುದಿ ಆಮೇಲೆ ನೋಡೋಣ, ಮೊದಲು ಬುಡ ನೋಡಿ. ಟೆಕ್ಸಾಸಿನ ಹಿಲ್ ಕಂಟ್ರಿ ಅನ್ನೋ ಗುಡ್ಡಗಾಡಲ್ಲಿ ಈ ಪ್ರಾಣಿಗಳನ್ನ ಸಾಕೋ ರ್‍ಯಾಂಚುಗಳಿಗೆ, ಅಂದರೆ ದೊಡ್ಡ ಖಾಸಗಿ ಜಮೀನುಗಳಿಗೆ, ಎಂಟಡಿ ಬೇಲಿ ಮಾಮೂಲು. ಅಷ್ಟು ಎತ್ತರ ಬೇಕಾಗಿರೋದು ಅಲ್ಲಿನದೇ ಆದ ಬಿಳಿಬಾಲದ ಜಿಂಕೆಗೆ. ಕೃಷ್ಣಮೃಗ ಹಾಗಲ್ಲ. ಬಯಲಲ್ಲಿ ಓಡುವಾಗ ಆಳೆತ್ತರ ಚಿಮ್ಮೋ ಪ್ರಾಣಿ, ಬೇಲಿ ಎದುರಾದರೆ ಬಗ್ಗಿ ನುಸುಳೋಕೆ ಜಾಗ ಹುಡುಕುತ್ತೆ. ಅದಕ್ಕೇ ಜಾಲರಿಯ ಕಣ್ಣು ಕೆಳಗೆ ಚಿಕ್ಕದು, ಮೇಲೆ ಹೋದ ಹಾಗೆ ದೊಡ್ಡದು. ಇಲ್ಲಿ ಬಳಸೋದು 96 ಇಂಚಿನ ಜಾಲರಿ: ಅಡ್ಡಕ್ಕೆ 20 ತಂತಿ, ಆರಿಂಚಿಗೊಂದು ನಿಲುವು ತಂತಿ, ಸೇರುವಲ್ಲೆಲ್ಲ ಜಾರದ ಗಂಟು. ಕೊನೆಯ ತಂತಿ ನೆಲಕ್ಕೆ ಅಂಟಿರಬೇಕು. ಸುಣ್ಣಕಲ್ಲಿನ ಏರಿಳಿತದ ನೆಲದಲ್ಲಿ ಅದು ಅಂಟೋದಿಲ್ಲ, ಆದ್ದರಿಂದ ತಗ್ಗು ಇರುವಲ್ಲೆಲ್ಲ ಕಲ್ಲು ತುಂಬ್ತಾರೆ.

ಹಳ್ಳ ದಾಟುವ ಜಾಗ ಇನ್ನೂ ಕಷ್ಟ. ದಿಢೀರ್ ಪ್ರವಾಹ ಬಂದಾಗ ಕೊಂಬೆ-ಕಸ ಬೇಲಿಗೆ ತಡೆದು, ನೀರು ಒತ್ತಿ, ಕಂಬಗಳನ್ನೇ ಕಿತ್ತುಕೊಂಡು ಹೋಗುತ್ತೆ. ಹಾಗಾಗಿ ಹಳ್ಳದ ಮೇಲೆ ಅಡ್ಡಲಾಗಿ ಉಕ್ಕಿನ ಹಗ್ಗ ಕಟ್ಟಿ, ಅದರಿಂದ ಬೇರೆಯದೇ ಒಂದು ಜಾಲರಿ ಇಳಿಬಿಡ್ತಾರೆ. ನೀರು ಜೋರಾದರೆ ಅದು ಬಾಗಿಲಂತೆ ಎದ್ದು ದಾರಿ ಬಿಡಬೇಕು. ಮಳೆ ನಿಂತ ತಕ್ಷಣ ಹೋಗಿ ನೋಡದಿದ್ದರೆ ಹಿಂಡು ಪಕ್ಕದವರ ಜಮೀನಲ್ಲಿರುತ್ತೆ.

ಇವು ಇಲ್ಲಿಗೆ ಬಂದದ್ದು ತೀರಾ ಇತ್ತೀಚೆಗೇನಲ್ಲ. ಚುಕ್ಕೆ ಜಿಂಕೆ, ಕೃಷ್ಣಮೃಗ ಎರಡನ್ನೂ 1932ರಲ್ಲಿ ಬಿಟ್ಟರು. ದಕ್ಷಿಣ ಟೆಕ್ಸಾಸಿನ ಕಿಂಗ್ ರ್‍ಯಾಂಚಿನಲ್ಲಿ ನೀಲ್‌ಗಾಯ್ ನೆಲೆ ನಿಂತದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗ ಮುಟ್ಟಿದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಜೈಲು. ಟೆಕ್ಸಾಸಲ್ಲಿ ಅದು ಜಮೀನಿನ ಒಡೆಯನ ಸೊತ್ತು, ದನ-ಕುರಿ ಇದ್ದ ಹಾಗೆ. ಬೇಟೆಗೆ ಲೈಸೆನ್ಸ್ ಬೇಕು, ಆದರೆ ಋತುವಿನ ಕಟ್ಟಿಲ್ಲ, ಇಷ್ಟೇ ಹೊಡೀಬೇಕು ಅನ್ನೋ ಮಿತಿಯೂ ಇಲ್ಲ. ವಿಚಿತ್ರ ಅಂದರೆ, ಪಾಕಿಸ್ತಾನದಲ್ಲಿ ಕೃಷ್ಣಮೃಗ ಅಳಿದುಹೋದ ಮೇಲೆ ಅಲ್ಲಿಗೆ ಮರಳಿ ಕಳಿಸಿದ್ದು ಈ ಟೆಕ್ಸಾಸಿನ ಹಿಂಡುಗಳಿಂದಲೇ.

ಈಗ ಮೇವು. ಬಿಳಿಬಾಲದ ಜಿಂಕೆ ಚಿಗುರು, ಸೊಪ್ಪು, ಎಲೆ ತಿನ್ನೋದು. ಬಲಿತ ಹುಲ್ಲು ಅದಕ್ಕೆ ಜೀರ್ಣ ಆಗಲ್ಲ. ಚುಕ್ಕೆ ಜಿಂಕೆ ಹುಲ್ಲು ತಿನ್ನುತ್ತೆ, ಹುಲ್ಲು ಮುಗಿದರೆ ಸೊಪ್ಪಿಗೂ ಬಾಯಿ ಹಾಕುತ್ತೆ. ಬರಗಾಲದಲ್ಲಿ ಯಾರು ಸೋಲ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ. ಕೆರ್ ಕೌಂಟಿಯ ಸರ್ಕಾರಿ ವನ್ಯಜೀವಿ ಕ್ಷೇತ್ರದಲ್ಲಿ 1970ರ ದಶಕದಲ್ಲಿ ಇದನ್ನ ಬೇಲಿಯೊಳಗೇ ಪರೀಕ್ಷೆ ಮಾಡಿದರು. 96 ಎಕರೆಯಲ್ಲಿ ಆರು ಬಿಳಿಬಾಲ, ಆರು ಜಪಾನಿನ ಸಿಕಾ ಜಿಂಕೆ. ಸಿಕಾ ಕೂಡ ಚುಕ್ಕೆ ಜಿಂಕೆಯ ಹಾಗೆ ಹುಲ್ಲು, ಸೊಪ್ಪು ಎರಡನ್ನೂ ತಿನ್ನೋದು. ಸಿಕಾ ಹತ್ತುಪಟ್ಟಾಯ್ತು, ಬಿಳಿಬಾಲ ಒಂದೂ ಉಳೀಲಿಲ್ಲ.

ಚುಕ್ಕೆ ಜಿಂಕೆ ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರುತ್ತೆ. ಏಳೂವರೆ ತಿಂಗಳ ಗಬ್ಬ, ಒಂದೇ ಮರಿ. ಒಂದೇ ತಾನೆ ಅಂತ ಸುಮ್ಮನಿದ್ದವರು ಐದಾರು ವರ್ಷದಲ್ಲಿ ಬೋಳು ನೆಲ ನೋಡ್ತಾರೆ. ಇಲ್ಲಿ ಬಹಳ ಮಂದಿ ಮಾಡೋ ತಪ್ಪು, ಒಳ್ಳೆ ಕೊಂಬಿನ ಗಂಡುಗಳನ್ನ ಮಾತ್ರ ತೆಗೆಯೋದು. ಹೆಣ್ಣು ಕಡಿಮೆ ಮಾಡದೆ ಸಂಖ್ಯೆ ಇಳಿಯೋದೇ ಇಲ್ಲ.

ಮೇವಿನ ಪೆಟ್ಟಿಗೆಯಿಂದ ಸುರಿಯೋದು ಮುಸುಕಿನ ಜೋಳ. ಬರೀ ಹುಲ್ಲು ತಿಂದುಕೊಂಡಿದ್ದ ಪ್ರಾಣಿ ಒಮ್ಮೆಗೇ ಇದನ್ನ ಹೊಟ್ಟೆ ತುಂಬ ತಿಂದರೆ ಮೆಲುಕಿನ ಹೊಟ್ಟೆ ಹುಳಿಯಾಗಿ ಸಾಯುತ್ತೆ. ಹೊಸ ಆಹಾರ ಯಾವುದೇ ಇರಲಿ, ಎರಡು ವಾರ ತಗೊಂಡು ಸ್ವಲ್ಪ ಸ್ವಲ್ಪ ಏರಿಸಬೇಕು, ಪಕ್ಕದಲ್ಲಿ ಒಣಹುಲ್ಲು ಇದ್ದೇ ಇರಬೇಕು. ಪೆಟ್ಟಿಗೆಯೂ ಒಂದೇ ಇದ್ದರೆ ಸಾಲದು. ದೊಡ್ಡ ಗಂಡುಗಳು ಕೊಂಬು ತೋರಿಸಿ ಉಳಿದವನ್ನ ಹತ್ತಿರ ಬಿಡಲ್ಲ.

ಬಿಸಿಲಿಗೆ ಇವು ಜಗ್ಗಲ್ಲ. ಕೊಲ್ಲೋದು ಚಳಿ. 2021ರ ಫೆಬ್ರವರಿಯಲ್ಲಿ ದಿನಗಟ್ಟಲೆ ಶೂನ್ಯದ ಕೆಳಗೇ ಇತ್ತು. ಕೃಷ್ಣಮೃಗ, ಚುಕ್ಕೆ ಜಿಂಕೆ, ನೀಲ್‌ಗಾಯ್ ಮೂರೂ ಸಾಲುಸಾಲಾಗಿ ಸತ್ತವು. ಇವಕ್ಕೆ ಮೈಮೇಲೆ ದಪ್ಪ ತುಪ್ಪಳ ಇಲ್ಲ, ಚರ್ಮದಡಿ ಕೊಬ್ಬೂ ಕಡಿಮೆ. ಒಣ ಚಳಿ ಹೇಗೋ ತಡೀತವೆ, ಮೈ ಒದ್ದೆಯಾಗಿ ಮೇಲೆ ಉತ್ತರದ ಗಾಳಿ ಬೀಸಿದರೆ ಮುಗೀತು. ಹುಲ್ಲು ಬರಲಿ ಅಂತ ಜುನಿಪರ್ ಪೊದೆಯನ್ನೆಲ್ಲ ಬುಲ್ಡೋಜರ್ ಹಾಕಿ ಬೋಳಿಸೋದು ಇಲ್ಲಿನ ವಾಡಿಕೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಲ್ಲಾದರೂ ಒಂದಷ್ಟು ಪೊದೆ ಉಳಿಸಿಕೊಳ್ಳಿ, ಅದೇ ಗಾಳಿತಡೆ. ಚಳಿ ಬರುವ ಮುಂಚೆ ಅಲ್ಲೇ ಹುಲ್ಲಿನ ಉಂಡೆ ಇಡಬೇಕು: ನಾರಿನ ಮೇವು ಹೊಟ್ಟೆಯಲ್ಲಿ ಹುದುಗುವಾಗಲೇ ಮೈಗೆ ಕಾವು ಸಿಗೋದು. ತೊಟ್ಟಿಯ ಮಂಜುಗಡ್ಡೆ ದಿನಾ ಒಡೆಯಬೇಕು.

ಹಿಡಿದು ಸಾಗಿಸೋದು ಬೇರೆಯದೇ ಪಾಠ. ಬೆನ್ನಟ್ಟಿ ಸುಸ್ತು ಮಾಡಿದರೆ ಸ್ನಾಯು ಒಳಗೇ ಒಡೆದು ರಕ್ತಕ್ಕೆ ಸೇರುತ್ತೆ, ಮೂತ್ರ ಕಂದಾಗುತ್ತೆ, ಮೂತ್ರಪಿಂಡ ಸೋಲುತ್ತೆ. ಹಿಡಿದ ದಿನ ಚೆನ್ನಾಗೇ ಇದ್ದದ್ದು ಆಮೇಲೆ ಸಾಯೋದು ಹೀಗೆ. ಆದ್ದರಿಂದ ತಂಪು ಹೊತ್ತಲ್ಲಿ ಕೆಲಸ, ಓಡಿಸೋದು ಕೆಲವೇ ನಿಮಿಷ. ಬಲೆಗೆ ಬಿದ್ದ ತಕ್ಷಣ ಕಣ್ಣಿಗೆ ಬಟ್ಟೆ. ಮಗ್ಗುಲಾಗಿ ಕೆಡವಬೇಡಿ, ಎದೆ ಮೇಲೆ ಕೂರಿಸಿ, ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತೆ. ಟ್ರೇಲರಿಗೆ ಹತ್ತಿಸುವ ಮುಂಚೆ ಕೊಂಬಿಗೆ ರಬ್ಬರ್ ಪೈಪಿನ ತುಂಡು ತೊಡಿಸ್ತಾರೆ. ಹೊಸ ಜಾಗದಲ್ಲಿ ಬೇಲಿಗೆ ಬಟ್ಟೆಪಟ್ಟಿ ಕಟ್ಟಿ, ಕೆಲವು ದಿನ ಚಿಕ್ಕ ಆವರಣದಲ್ಲೇ ಇಡಬೇಕು. ತಂತಿ ಅವಕ್ಕೆ ಕಾಣೋದಿಲ್ಲ, ನೇರ ಬಂದು ಕುತ್ತಿಗೆ ಮುರ್ಕೊಳ್ತವೆ.

ನೀಲ್‌ಗಾಯ್‌ನ ತೊಂದರೆ ಇವೆಲ್ಲಕ್ಕಿಂತ ದೊಡ್ಡದು. ಮೆಕ್ಸಿಕೋ ಗಡಿ ಪಕ್ಕ ದನಗಳಿಗೆ ಜ್ವರ ಹಚ್ಚೋ, ರಕ್ತ ಹೀರೋ ಉಣ್ಣಿ ಹುಳುವನ್ನ ಇದು ಮೈಮೇಲೆ ಹೊತ್ತು ಮೈಲಿಗಟ್ಟಲೆ ತಿರುಗುತ್ತೆ. ದನವನ್ನಾದರೆ ಒಟ್ಟುಗೂಡಿಸಿ ಔಷಧಿ ನೀರಲ್ಲಿ ಮುಳುಗಿಸಬಹುದು, ನೀಲ್‌ಗಾಯನ್ನ ಯಾರು ಕೂಡಿಹಾಕ್ತಾರೆ? ಆದರೆ ಅದಕ್ಕೊಂದು ಅಭ್ಯಾಸ ಇದೆ: ಬೇಲಿ ಬುಡದ ಒಂದೇ ಕಿಂಡಿಯಲ್ಲಿ ಮತ್ತೆ ಮತ್ತೆ ನುಸುಳುತ್ತೆ. ಸಂಶೋಧಕರು ಆ ಕಿಂಡಿಯಲ್ಲೇ ಸ್ಪ್ರೇಯರ್ ಕೂರಿಸಿ ನೋಡಿದ್ದಾರೆ. ಪ್ರಾಣಿ ದಾಟುವಾಗ ಉಣ್ಣಿ ಕೊಲ್ಲೋ ಸೂಕ್ಷ್ಮ ದುಂಡುಹುಳು ಬೆರೆಸಿದ ನೀರು ಅದರ ಮೈಗೆ ಚಿಮ್ಮುತ್ತೆ. ಅಲ್ಲಿ ಮಾತ್ರ ಕಿಂಡಿ ಮುಚ್ಚಲ್ಲ.