ಬೆಳಗ್ಗೆ ಏಳಕ್ಕೆ ಕೂಸನ್ನು ಎಲ್ಲಿ ಬಿಡಬೇಕು?

ನಮಸ್ಕಾರ. ಇವತ್ತು ಅಂಗನವಾಡಿ ಬಗ್ಗೆ ಮಾತಾಡಬೇಕು. ಕರ್ನಾಟಕದಲ್ಲಿ ಅದು ಶುರುವಾಗಿದ್ದೇ ನಮ್ಮ ಮೈಸೂರು ಜಿಲ್ಲೆಯಲ್ಲಿ. 1975ರ ಅಕ್ಟೋಬರ್ 2ರಂದು, ತಿ. ನರಸೀಪುರದಲ್ಲಿ, 100 ಕೇಂದ್ರಗಳೊಂದಿಗೆ. ಅಂಥ ಜಿಲ್ಲೆಯ ಸಿಟಿಯಲ್ಲಿ ದುಡಿಯೋಕೆ ಹೋಗುವ ತಾಯಿಗೆ ಒಂದೂವರೆ ವರ್ಷದ ಕೂಸನ್ನು ಬಿಟ್ಟು ಹೋಗಲು ಜಾಗ ಸಿಗುವುದಿಲ್ಲ ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಮನೆಗೆಲಸಕ್ಕೆ ಸರಸ್ವತಿಪುರಂ, ಕುವೆಂಪುನಗರದ ಕಡೆ ಹೋಗುವವರು ಏಳಕ್ಕೆಲ್ಲ ಅಲ್ಲಿರಬೇಕು. ಅಂಗನವಾಡಿ ಬಾಗಿಲು ತೆಗೆಯುವುದು ಒಂಬತ್ತೂವರೆ, ಹತ್ತಕ್ಕೆ. ತೆಗೆದರೂ ಅಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದವರನ್ನು. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಕೊಟ್ಟು ಕಳಿಸುವ ಆಹಾರದ ಪ್ಯಾಕೆಟ್ ಅಷ್ಟೇ. ಮನೆಗೆ ಬಂದ ಮೇಲೆ ಅದನ್ನು ಎಲ್ಲ ಮಕ್ಕಳೂ ಹಂಚಿಕೊಂಡು ತಿನ್ನುತ್ತಾರೆ, ಯಾವ ತಾಯಿ ತಾನೇ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನುತ್ತಾಳೆ?

ಹೊರಗೆ ಹೋಗದೆ ಮನೆಯಲ್ಲೇ ಊದುಬತ್ತಿ ಹೊಸೆಯುವವರ ಕಥೆಯೂ ಅಷ್ಟೇ. ಮಣೆ ಮೇಲೆ ಕರಿ ಹಿಟ್ಟು, ಪಕ್ಕದಲ್ಲೇ ತೆವಳುವ ಮಗು, ಅಂಗೈ ಪೂರ್ತಿ ಕಪ್ಪು, ಆ ಕೈ ನೇರ ಬಾಯಿಗೆ. ಸಾಲದ್ದಕ್ಕೆ ನಾಲ್ಕನೇ ಕ್ಲಾಸಿನ ಅಕ್ಕ ಶಾಲೆ ಬಿಟ್ಟು ತಮ್ಮನನ್ನು ಸೊಂಟದ ಮೇಲೆ ಹೊತ್ತು ಓಡಾಡುತ್ತಿರುತ್ತಾಳೆ.

ಹಳ್ಳಿಯಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗೆ ಮಕ್ಕಳನ್ನು ಬಿಟ್ಟು ಹೋಗಲು ‘ಕೂಸಿನ ಮನೆ’ ಅನ್ನುವ ಶಿಶುಪಾಲನಾ ಕೇಂದ್ರ ಇದೆ. 4,000 ಗ್ರಾಮ ಪಂಚಾಯಿತಿಗಳಲ್ಲಿ ಮಾಡುತ್ತೇವೆ ಅಂತ 2023-24ರ ರಾಜ್ಯ ಬಜೆಟ್‌ನಲ್ಲಿ ಹೇಳಿದರು. ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಮೈಸೂರು ಸಿಟಿಯ ಕೆಸರೆ, ರಾಜೀವ್ ನಗರದ ಕೂಸು ಕೂಸಲ್ವಾ? 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದರು. ನಾಲ್ಕು ಮನೆ ಪಾತ್ರೆ ತೊಳೆಯುವವಳಿಗೆ, ಬೀಡಿ ಕಟ್ಟುವವಳಿಗೆ ಅದರಿಂದ ಏನು ಬಂತು?

ಕೇಂದ್ರ ಸರ್ಕಾರದ ‘ಪಾಲ್ನಾ’ ಯೋಜನೆಯಲ್ಲಿ ಅಂಗನವಾಡಿಗೇ ಶಿಶುಪಾಲನಾ ಕೇಂದ್ರ ಸೇರಿಸಲು ಅವಕಾಶ ಇದೆ. ಅದನ್ನು ಮೊದಲು ಕೂಲಿಯವರು ಜಾಸ್ತಿ ಇರುವ ವಾರ್ಡ್‌ಗಳಿಗೆ ತನ್ನಿ, ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆಯಿರಿ. ಬಾಡಿಗೆಯ ಒಂದೇ ರೂಮಿನಲ್ಲಿ ಅಡುಗೆ ಸಾಮಾನು, ಮಕ್ಕಳು, ರಿಜಿಸ್ಟರ್ ಎಲ್ಲ ತುಂಬಿರುವ ಕಡೆ ಇದು ಆಗುವುದಿಲ್ಲ, ಜಾಗ ಬೇಕು. ಇನ್ನೊಂದು ಮಾತು, ಇದನ್ನೂ ತಂದು ಅಂಗನವಾಡಿ ಟೀಚರಮ್ಮನ ತಲೆಗೆ ಕಟ್ಟಬೇಡಿ. ಸರ್ವೆ, ಚುನಾವಣೆ ಕೆಲಸ, ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್‌ಗೆ ಲೆಕ್ಕ ತುಂಬುವುದು, ಇಷ್ಟನ್ನೂ ಅವರು ಗೌರವಧನದಲ್ಲೇ ಮಾಡುತ್ತಿದ್ದಾರೆ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಅದೇ ಬೀದಿಯ ಇಬ್ಬರು ಹೆಂಗಸರಿಗೆ ತರಬೇತಿ ಕೊಡಿ, ತಿಂಗಳು ತಿಂಗಳು ತಪ್ಪದೆ ಸಂಬಳ ಕೊಡಿ.