ಒಂದು ಫೋನಿಗೆ ಬರುವ ನೆಟ್ ಇನ್ನೊಂದಕ್ಕೆ ಯಾಕೆ ಬರುವುದಿಲ್ಲ?

ಎಲ್ಲರಿಗೂ ನಮಸ್ಕಾರ. ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಮನೆಯಲ್ಲಿ ವೈಫೈ ಇದೆ. ಅಪ್ಪನ ಫೋನಿನಲ್ಲಿ ನೆಟ್ ಚೆನ್ನಾಗಿ ಬರುತ್ತಿದೆ. ಮಗಳ ಲ್ಯಾಪ್‌ಟಾಪ್‌ಗೆ ಅದೇ ಪಾಸ್‌ವರ್ಡ್ ಹಾಕಿದರೆ ‘ಕನೆಕ್ಟೆಡ್’ ಅನ್ನುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಹೊಸದಾಗಿ ತಂದ ಟಿವಿಗೂ ಅದೇ ಗತಿ. ಆಗ ನಾವೆಲ್ಲ ಮಾಡುವುದು ಒಂದೇ ಕೆಲಸ: ರೂಟರ್ ಆಫ್ ಮಾಡಿ ಆನ್ ಮಾಡುವುದು. ಕೆಲವೊಮ್ಮೆ ಸರಿಹೋಗುತ್ತದೆ. ಆದರೆ ಏನು ಕೆಟ್ಟಿತ್ತು, ಹೇಗೆ ಸರಿಯಾಯಿತು ಅನ್ನುವುದು ತಿಳಿಯುವುದಿಲ್ಲ. ಎರಡು ದಿನ ಬಿಟ್ಟು ಮತ್ತೆ ಅದೇ ಗೋಳು.

ನನ್ನದು ಒಂದೇ ಬಿನ್ನಹ. ಸ್ವಿಚ್ಚಿಗೆ ಕೈ ಹಾಕುವ ಮೊದಲು, ನೆಟ್ ಬರದ ಸಾಧನದ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ನೋಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ಸೇರಿಕೊಂಡಿರುವ ನೆಟ್‌ವರ್ಕಿನ ಹೆಸರು ಒತ್ತಿದರೆ ಕಾಣುತ್ತದೆ. ಟಿವಿಯಲ್ಲಿ, ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ಆಮೇಲೆ ನೆಟ್ ಬರುತ್ತಿರುವ ಫೋನಿನ ವಿಳಾಸವನ್ನೂ ನೋಡಿ. ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಧ ತನಿಖೆ ಅಲ್ಲೇ ಮುಗಿಯುತ್ತದೆ.

ಸಾಮಾನ್ಯವಾಗಿ ಅದು 192.168.1.5 ಅಂತಲೋ 192.168.0.12 ಅಂತಲೋ ಇರುತ್ತದೆ. ಪಕ್ಕದ ಮನೆಯಲ್ಲೂ ಇದೇ ಸಂಖ್ಯೆ ಇರಬಹುದು, ಗಾಬರಿ ಬೇಡ. ಮನೆ, ಕಚೇರಿಗಳ ಒಳಗಿನ ಬಳಕೆಗೆ ಅಂತಲೇ ಬಿಟ್ಟಿರುವ ಸಂಖ್ಯೆಗಳಿವು. 1996ರಿಂದ ಈ ನಿಯಮವೇ ನಡೆಯುತ್ತಿದೆ. ಹೊರಗಿನ ಜಗತ್ತಿಗೆ ನಿಮ್ಮ ಇಡೀ ಮನೆ ಒಂದೇ ವಿಳಾಸವಾಗಿ ಕಾಣುತ್ತದೆ. ಒಳಗೆ ಯಾರು ಏನು ಕೇಳಿದರು ಅನ್ನುವ ಲೆಕ್ಕ ರೂಟರ್ ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ಕನೆಕ್ಷನ್ ಅಂದರೆ ಒಂದೇ ಸಾಧನಕ್ಕೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಲ್ಯಾಪ್‌ಟಾಪ್‌ನಲ್ಲಿ 169.254 ಅಂತ ಶುರುವಾಗುವ ಸಂಖ್ಯೆ ಕಂಡರೆ? ಅದು ರೂಟರನ್ನು ವಿಳಾಸ ಕೇಳಿದೆ, ಉತ್ತರ ಬಂದಿಲ್ಲ. ಕಾದು ಕಾದು ತಾನೇ ಒಂದು ಸಂಖ್ಯೆ ಹಾಕಿಕೊಂಡಿದೆ. ಆಂಡ್ರಾಯ್ಡ್ ಫೋನಾದರೆ ಐಪಿ ವಿಳಾಸ ಪಡೆಯುತ್ತಿದ್ದೇನೆ ಅನ್ನುವಲ್ಲೇ ನಿಂತುಬಿಡುತ್ತದೆ. ಪಾಸ್‌ವರ್ಡ್ ಸರಿಯಿದ್ದೂ ಹೀಗಾದರೆ, ವಿಳಾಸ ಹಂಚುವ ಕಡೆ ನೋಡಬೇಕು. ಆ ಕೆಲಸಕ್ಕೆ ಡಿಎಚ್‌ಸಿಪಿ ಅಂತ ಹೆಸರು.

ರೂಟರ್ ಇಷ್ಟರಿಂದ ಇಷ್ಟರವರೆಗೆ ಅಂತ ಒಂದು ಗುಂಪಿನಿಂದ ವಿಳಾಸ ಕೊಡುತ್ತದೆ. ಗುಂಪು ದೊಡ್ಡದಿದ್ದರೆ ಇನ್ನೂರೈವತ್ತರವರೆಗೂ ಕೊಡಬಹುದು. ಆದರೆ ಕನೆಕ್ಷನ್ ಹಾಕಿಕೊಟ್ಟವರು ಕೆಲವು ಕಡೆ ಹತ್ತೇ ವಿಳಾಸಕ್ಕೆ ಮಿತಿ ಹಾಕಿರುತ್ತಾರೆ. ಅದರ ಮೇಲೆ, ಕೊಟ್ಟ ವಿಳಾಸಕ್ಕೆ ಒಂದು ಅವಧಿ ಇರುತ್ತದೆ, ಬಹಳ ರೂಟರ್‌ಗಳಲ್ಲಿ 24 ಗಂಟೆ. ಬಸ್ಸಿನ ಸೀಟಿಗೆ ಕರ್ಚೀಫು ಹಾಕಿ ಹೋದ ಹಾಗೆ, ಹಬ್ಬಕ್ಕೆ ಬಂದ ನೆಂಟರು ಊರಿಗೆ ಹೋದ ಮೇಲೂ ಅವರ ಫೋನಿನ ವಿಳಾಸ ಖಾಲಿಯಾಗುವುದಿಲ್ಲ. ಹೊಸ ಟಿವಿಗೆ ಜಾಗವೇ ಇಲ್ಲ. ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದು ಆ ಗುಂಪನ್ನು ದೊಡ್ಡದು ಮಾಡಿದರೆ ಆಯಿತು. ಇಷ್ಟೇ ಸಾಧನ ಸೇರಬಹುದು ಅನ್ನುವ ಇನ್ನೊಂದು ಮಿತಿ ವೈಫೈ ಭಾಗದಲ್ಲೂ ಇರುತ್ತದೆ. ಅದನ್ನೂ ಒಮ್ಮೆ ನೋಡಿ.

ಇನ್ನು ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಗೊಂದಲ ಮಾಡುವ ವಿಷಯಕ್ಕೆ ಬರುತ್ತೇನೆ: ಎರಡನೇ ರೂಟರ್. ಮಹಡಿಯಲ್ಲಿ ಸಿಗ್ನಲ್ ಬರುವುದಿಲ್ಲ, ಹಳೆಯ ರೂಟರ್ ಒಂದು ಸುಮ್ನೆ ಬಿದ್ದಿದೆ, ಕೆಳಗಿನಿಂದ ಕೇಬಲ್ ಎಳೆದು ಸಿಕ್ಕಿಸುತ್ತೇವೆ. ಒಳ್ಳೆಯ ಯೋಚನೆಯೇ. ಆದರೆ ಎರಡು ರೂಟರ್‌ಗಳ ಲ್ಯಾನ್ ಪೋರ್ಟುಗಳನ್ನು (ಮನೆಯೊಳಗಿನ ಸಾಧನಗಳಿಗೆ ಕೇಬಲ್ ಸಿಕ್ಕಿಸುವ ಕಿಂಡಿಗಳನ್ನು) ಜೋಡಿಸಿದರೆ, ಈಗ ವಿಳಾಸ ಹಂಚುವವರು ಇಬ್ಬರು. ಹೊಸ ಸಾಧನಕ್ಕೆ ಯಾರು ಮೊದಲು ಉತ್ತರ ಕೊಡುತ್ತಾರೋ ಗೊತ್ತಿಲ್ಲ. ಹಳೆಯ ರೂಟರ್ ಕೊಟ್ಟರೆ, ಹೊರಗೆ ಹೋಗುವ ದಾರಿ ನನ್ನ ಮೂಲಕ ಅಂತಲೂ ಹೇಳಿಬಿಡುತ್ತದೆ. ಅದರ ಹಿಂದೆ ಇಂಟರ್‌ನೆಟ್ ಇಲ್ಲವೇ ಇಲ್ಲ! ಅದಕ್ಕೇ ಕೆಲವು ಫೋನಿಗೆ ನೆಟ್ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ, ನಾಳೆ ಅದೇ ತಿರುಗುಮುರುಗಾಗುತ್ತದೆ. ಒಂದರಲ್ಲಿ 192.168.1, ಇನ್ನೊಂದರಲ್ಲಿ 192.168.0 ಅಂತ ನಿಮ್ಮ ಚೀಟಿಯಲ್ಲಿದ್ದರೆ ಮೊದಲು ಇದನ್ನೇ ಅನುಮಾನಿಸಿ. ವಿಳಾಸದ ಕೆಳಗೆ ‘ಗೇಟ್‌ವೇ’ ಅಂತ ಇನ್ನೊಂದು ಸಂಖ್ಯೆ ಇರುತ್ತದೆ, ಹೊರಗೆ ಹೋಗುವ ದಾರಿ ಯಾವ ರೂಟರಿನ ಮೂಲಕ ಅಂತ ತೋರಿಸುವುದು ಅದೇ. ಅದು ಬೇರೆ ಬೇರೆಯಿದ್ದರೂ ಅಷ್ಟೇ.

ಪರಿಹಾರ ಕಷ್ಟವಲ್ಲ. ಹಳೆಯ ರೂಟರನ್ನು ಕೇಬಲ್‌ನಿಂದ ಬಿಡಿಸಿ. ಅದರ ಸ್ವಂತ ವಿಳಾಸ ಮುಖ್ಯ ರೂಟರಿನದ್ದೇ ಆಗಿದ್ದರೆ ಬದಲಾಯಿಸಿ. ಮುಖ್ಯ ರೂಟರ್ 192.168.1.1 ಆದರೆ ಇದಕ್ಕೆ 192.168.1.2 ಕೊಡಿ. ಆ ಸಂಖ್ಯೆ ಹಂಚುವ ಗುಂಪಿನ ಹೊರಗಿರಲಿ. ಆಮೇಲೆ ಇದರ ಡಿಎಚ್‌ಸಿಪಿ ಆಫ್ ಮಾಡಿ, ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ. ಮನೆಗೆಲ್ಲ ವಿಳಾಸ ಹಂಚುವುದು ಒಂದೇ ರೂಟರ್ ಆಗಿರಬೇಕು.

ಸಣ್ಣ ಊರುಗಳ ಕೇಬಲ್‌ನವರ ಬ್ರಾಡ್‌ಬ್ಯಾಂಡ್‌ನಲ್ಲಿ ಇನ್ನೊಂದು ಪದ್ಧತಿ ಇದೆ. ಅವರು ಕೊಡುವ ಡಬ್ಬಿ ಫೈಬರ್‌ನಿಂದ ಬಂದದ್ದನ್ನು ಕೇಬಲ್‌ಗೆ ದಾಟಿಸುತ್ತದೆ, ಅಷ್ಟೇ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವುದು ನಿಮ್ಮ ಕಂಪ್ಯೂಟರ್. ಅಲ್ಲಿ ಆ ಕಂಪ್ಯೂಟರಿಗೆ ಮಾತ್ರ ನೆಟ್. ಆ ಯೂಸರ್‌ನೇಮನ್ನು ರೂಟರಿನ ಪಿಪಿಪಿಒಇ (ಹೀಗೆ ಯೂಸರ್‌ನೇಮ್ ಹಾಕಿ ಕನೆಕ್ಟ್ ಆಗುವ ವಿಧಾನ) ಪುಟದಲ್ಲಿ ಹಾಕಿದರೆ ಮನೆಗೆಲ್ಲ ಬರುತ್ತದೆ. ಆದರೂ ಬರದಿದ್ದರೆ, ಅವರ ಕಡೆ ಮೊದಲ ಕಂಪ್ಯೂಟರಿನ ಮ್ಯಾಕ್ ವಿಳಾಸ, ಅಂದರೆ ಸಾಧನಕ್ಕೆ ತಯಾರಕರೇ ಕೊಟ್ಟ ಗುರುತು ಸಂಖ್ಯೆ, ಲಾಕ್ ಆಗಿರಬಹುದು. ಫೋನ್ ಮಾಡಿ, ‘ರೂಟರ್ ಹಾಕಿದ್ದೇನೆ, ಮ್ಯಾಕ್ ರೀಸೆಟ್ ಮಾಡಿ’ ಅಂದರೆ ಅವರಿಗೆ ಅರ್ಥವಾಗುತ್ತದೆ.

ಮ್ಯಾಕ್ ಅಂದಾಗ ಇನ್ನೊಂದು ಮಾತು. ಗೊತ್ತಿರುವ ಫೋನ್‌ಗಳು ಮಾತ್ರ ಸೇರಲಿ ಅಂತ ರೂಟರಿನಲ್ಲಿ ಮ್ಯಾಕ್ ಪಟ್ಟಿ ಮಾಡಿದ್ದೀರಾ? 2019ರ ಆಂಡ್ರಾಯ್ಡ್ 10, 2020ರ ಐಫೋನಿನ ಐಒಎಸ್ 14ರಿಂದ ಫೋನ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ತೋರಿಸದೆ ಬೇರೆಯದನ್ನು ತೋರಿಸುತ್ತವೆ. ನಮ್ಮ ಓಡಾಟವನ್ನು ಯಾರೂ ಹಿಂಬಾಲಿಸದಿರಲಿ ಅಂತ ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ಹೊಸ ಫೋನನ್ನು ನಿಮ್ಮ ಪಟ್ಟಿ ಗುರುತಿಸುವುದಿಲ್ಲ. ನಿಮ್ಮ ಮನೆಯ ನೆಟ್‌ವರ್ಕಿಗೆ ಮಾತ್ರ ನಿಜವಾದ ಮ್ಯಾಕ್ ಬಳಸುವಂತೆ ಫೋನಿನಲ್ಲಿ ಆರಿಸಬಹುದು. ಪಟ್ಟಿ ತೆಗೆದು ಗಟ್ಟಿ ಪಾಸ್‌ವರ್ಡ್ ಇಡುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಬಲ್ಬು, ಕ್ಯಾಮೆರಾ, ಪ್ರಿಂಟರ್ ಸೇರುವುದೇ ಇಲ್ಲ ಅಂದರೆ ಕಾರಣ ಬೇರೆ. ಇವುಗಳಲ್ಲಿ ಹೆಚ್ಚಿನವಕ್ಕೆ ವೈಫೈನ 2.4 ಗಿಗಾಹರ್ಟ್ಸ್ ಅಲೆ ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ಕಾಣುವುದಿಲ್ಲ. ಎರಡಕ್ಕೂ ಒಂದೇ ಹೆಸರಿದ್ದರೆ ಜೋಡಿಸುವಷ್ಟು ಹೊತ್ತು ರೂಟರಿನಲ್ಲಿ 5 ಆಫ್ ಮಾಡಿ. ವೈಫೈ ಭದ್ರತೆಯನ್ನು ಅದರ ಹೊಸ ಬಗೆಯಾದ ಡಬ್ಲ್ಯುಪಿಎ3 ಒಂದಕ್ಕೇ ಇಟ್ಟಿದ್ದರೆ ಹಳೆಯ ಸಾಧನಗಳು ಸೇರಲಾರವು. ಡಬ್ಲ್ಯುಪಿಎ 2 ಮತ್ತು 3 ಎರಡೂ ಇರುವ ಆಯ್ಕೆ ಹಾಕಿ.

ವಿಳಾಸ ಸರಿ, ಗೇಟ್‌ವೇ ಸರಿ, ಆದರೂ ಟಿವಿಯಲ್ಲಿ ಏನೂ ಓಡುತ್ತಿಲ್ಲವೇ? ಟಿವಿಯ ತಾರೀಖು ನೋಡಿ. ಅದು ಹಳೆಯದಾಗಿದ್ದರೆ ಸುರಕ್ಷಿತ ತಾಣಗಳ ಪ್ರಮಾಣಪತ್ರವನ್ನು ಟಿವಿ ಒಪ್ಪುವುದಿಲ್ಲ, ನೆಟ್ ಇಲ್ಲ ಅನ್ನುತ್ತದೆ. ತಾರೀಖೂ ಸರಿಯಿದ್ದರೆ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗದಲ್ಲಿ ಗೂಗಲ್‌ನ 8.8.8.8 ಹಾಕಿ ನೋಡಿ.

ಒಂದು ಎಚ್ಚರಿಕೆ. ರೂಟರಿನ ಹಿಂದೆ ಪುಟ್ಟ ತೂತು ಇರುತ್ತದೆ, ಒಳಗೆ ರೀಸೆಟ್ ಗುಂಡಿ. ಏನೂ ತೋಚದಾಗ ಪಿನ್ನು ತೆಗೆದುಕೊಂಡು ಅದನ್ನು ಒತ್ತುವವರು ಜಾಸ್ತಿ. ಹಾಗೆ ಒತ್ತಿ ಹಿಡಿದರೆ ಒಳಗಿರುವ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿ, ಬರುತ್ತಿದ್ದ ಒಂದು ಫೋನಿಗೂ ನೆಟ್ ನಿಲ್ಲಬಹುದು. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಮತ್ತೆ ಹಾಕಿಸಲು ಎಷ್ಟು ಒದ್ದಾಡಬೇಕು ಅಲ್ವಾ? ಕೇಬಲ್‌ನವರನ್ನು ಕೇಳಿ ಅವೆರಡನ್ನೂ ಇವತ್ತೇ ಬರೆದಿಟ್ಟುಕೊಳ್ಳಿ.

ಈಗ ನಿಮ್ಮ ಫೋನ್‌ಗಳನ್ನು ತೆಗೆಯಿರಿ. ಇಲ್ಲಿನ ವೈಫೈ ಸೇರಿ, ನಿಮಗೆ ಸಿಕ್ಕ ವಿಳಾಸ ಯಾವುದು ಅಂತ ಮುಂದಿನ ಸಾಲಿನವರಿಂದ ಶುರುಮಾಡಿ ಹೇಳುತ್ತಾ ಬನ್ನಿ.